ಡೊಮೈನ್ ಕೊಂಡ ಮೇಲೆ ಫೋನ್ ನಂಬರ್ ಸೋರುತ್ತಿದೆಯೇ? ತೂತು ಹುಡುಕುವ ಕ್ರಮ

ಸಂಜೆ ಡೊಮೈನ್ ಕೊಂಡಿರುತ್ತೀರಿ. ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮೂರು ಕರೆ. "ಸರ್, ನಿಮ್ಮ ಹೊಸ ವೆಬ್‌ಸೈಟ್ ಡಿಸೈನ್ ಮಾಡಿಕೊಡ್ತೀವಿ." "ಮೇಡಂ, ಲೋಗೋ ಬೇಕಿತ್ತಾ?" "ಗೂಗಲ್‌ನಲ್ಲಿ ಮೊದಲನೇ ಪುಟಕ್ಕೆ ತರ್ತೀವಿ." ಕರೆ ಮಾಡಿದವರಿಗೆ ನಿಮ್ಮ ಹೆಸರೂ ಗೊತ್ತು, ಡೊಮೈನ್ ಹೆಸರೂ ಗೊತ್ತು. ಡೊಮೈನ್ ಮಾರಿದ ಕಂಪನಿಯ, ಅಂದರೆ ರಿಜಿಸ್ಟ್ರಾರ್‌ನ, ಪ್ಯಾನೆಲ್ ತೆರೆದು ನೋಡಿದರೆ ನಿಮ್ಮ ವಿವರ ಮುಚ್ಚುವ ಪ್ರೈವಸಿ ಆನ್ ಎಂದೇ ತೋರಿಸುತ್ತಿದೆ.

ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಹೆಂಚು ಒಡೆದ ಜಾಗ ಇನ್ನೊಂದು. ಡೊಮೈನ್ ಮಾಹಿತಿಯ ಸೋರಿಕೆಯೂ ಹಾಗೇ. ಪ್ರೈವಸಿ ಬಟನ್ ಮುಚ್ಚುವುದು ಒಂದೇ ಒಂದು ತೂತನ್ನು. ಉಳಿದವು ನೋಂದಣಿ ಫಾರಂನ ಬೇರೆ ಕಾಲಮ್‌ನಲ್ಲೋ, ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆಯಲ್ಲೋ, ನಿಮ್ಮ ಸೈಟಿನ ಪುಟದಲ್ಲೋ ಇರುತ್ತವೆ. ಎಲ್ಲಿ ಎಂದು ಗೊತ್ತಾಗದೆ ಹಣ ಕೊಟ್ಟು ಇನ್ನೊಂದು ಪ್ರೈವಸಿ ಸೇವೆ ಕೊಂಡರೆ ಆ ಹಣ ದಂಡ.

ಲಕ್ಷಣ ಏನು ಹೇಳುತ್ತದೆ

ಡೊಮೈನ್ ಕೊಂಡ ಒಂದೆರಡು ದಿನದಲ್ಲೇ, ನಿಮ್ಮ ಹೆಸರು ಹಿಡಿದು ಕರೆ ಬಂದರೆ ಸೋರಿದ್ದು ನೋಂದಣಿ ಮಾಹಿತಿ. ಇಷ್ಟು ಬೇಗ ಹೇಗೆ ಎಂದರೆ, ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ನಂಥ ಕೊನೆಗಳ ಅಡಿ ಇರುವ ಡೊಮೈನ್‌ಗಳ ಪೂರ್ಣ ಪಟ್ಟಿಯನ್ನು, ಅಂದರೆ ಝೋನ್ ಫೈಲನ್ನು, ಅರ್ಜಿ ಹಾಕಿದವರು ದಿನವೂ ಪಡೆಯಬಹುದು. ನಿನ್ನೆಯ ಪಟ್ಟಿಯನ್ನೂ ಇವತ್ತಿನದನ್ನೂ ಹೋಲಿಸಿದರೆ ಹೊಸ ಹೆಸರುಗಳು ಸಿಗುತ್ತವೆ. ಒಂದೊಂದನ್ನೂ ಹೂಈಸ್‌ನಲ್ಲಿ, ಅಂದರೆ ಡೊಮೈನ್ ಯಾರದೆಂದು ತೋರಿಸುವ ಸಾರ್ವಜನಿಕ ವ್ಯವಸ್ಥೆಯಲ್ಲಿ, ಕೇಳಿ, ಫೋನ್ ನಂಬರ್ ತೆರೆದಿರುವವರನ್ನು ಕರೆ ಪಟ್ಟಿಗೆ ಸೇರಿಸುತ್ತಾರೆ. ಮೊದಲ ದಿನ ತೆರೆದಿಟ್ಟು ಮೂರನೇ ದಿನ ಮುಚ್ಚಿದರೆ ಪ್ರಯೋಜನವಾಗದಿರುವುದು ಇದೇ ಕಾರಣಕ್ಕೆ. ಕೊಳ್ಳುವ ಹೊತ್ತಿನಲ್ಲೇ, ಹಣ ಕಟ್ಟುವ ಮೊದಲೇ, ಪ್ರೈವಸಿ ಸೇರಿದೆಯೇ ಎಂದು ನೋಡಬೇಕು.

ಫೋನ್ ಬರದೆ ಬರೀ ಇಮೇಲ್‌ಗೆ ಕಸ ಬರುತ್ತಿದ್ದರೆ ನೋಂದಣಿಗಿಂತ ಮೊದಲು ಡಿಎನ್‌ಎಸ್ ಮತ್ತು ಸೈಟನ್ನು ಅನುಮಾನಿಸಿ. ಕರೆ ಮಾಡಿದವರು ಡೊಮೈನ್ ಹೆಸರು ಹೇಳದೆ ಅಂಗಡಿಯ ಹೆಸರು ಹೇಳಿದರೆ ಅದು ಮ್ಯಾಪ್‌ನಲ್ಲಿ ಹಾಕಿದ ವ್ಯಾಪಾರದ ಮಾಹಿತಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಡೊಮೈನ್ ಕೊಂಡ ಹನ್ನೊಂದನೇ ತಿಂಗಳಲ್ಲಿ "ನಿಮ್ಮ ಡೊಮೈನ್ ಮುಗಿಯುತ್ತಿದೆ, ಇಲ್ಲಿ ಹಣ ಕಟ್ಟಿ" ಎಂಬ ನಕಲಿ ನೋಟಿಸ್ ಬಂದರೆ ಅಷ್ಟಕ್ಕೇ ಗಾಬರಿ ಬೇಡ. ಡಾಟ್ ಕಾಮ್, ಡಾಟ್ ಇನ್ ಎರಡರಲ್ಲೂ ಮುಗಿಯುವ ದಿನಾಂಕ ಎಲ್ಲರಿಗೂ ಕಾಣುತ್ತದೆ, ಅದನ್ನು ಪ್ರೈವಸಿ ಮುಚ್ಚುವುದಿಲ್ಲ. ಆ ನೋಟಿಸ್ ಯಾವ ವಿಳಾಸಕ್ಕೆ ಬಂತು ಎಂಬುದಷ್ಟೇ ಮುಖ್ಯ. ಸಂಪರ್ಕ ಪುಟದ ವಿಳಾಸಕ್ಕೆ ಬಂದರೆ ಸರಿ, ಯಾರಿಗೂ ಕೊಡದ ಖಾಸಗಿ ವಿಳಾಸಕ್ಕೆ ಬಂದರೆ ಎಲ್ಲೋ ತೂತಿದೆ.

ಹೊರಗಿನವರ ಕಣ್ಣಿನಿಂದ ನೋಡಿ

ಪ್ಯಾನೆಲ್‌ನಲ್ಲಿ ಕಾಣುವುದನ್ನು ನಂಬಬೇಡಿ. ಅದು ನಿಮಗೆ ತೋರಿಸುವ ಚಿತ್ರ. ಹೊರಗಿನವರಿಗೆ ಕಾಣುವುದನ್ನು ನೋಡಲು ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಡೊಮೈನ್ ಹೆಸರು ಹಾಕಿ. ಡಾಟ್ ಇನ್ ಆದರೆ ಭಾರತದ ನಿಕ್ಸಿ ಸಂಸ್ಥೆ ನಡೆಸುವ ರಿಜಿಸ್ಟ್ರಿಯ (ಒಂದು ಕೊನೆಯ ಎಲ್ಲ ಡೊಮೈನ್‌ಗಳ ಮೂಲ ಪಟ್ಟಿ ಇಡುವವರು) ಹೂಈಸ್ ಪುಟದಲ್ಲಿ ಹಾಕಿ. ಬೇರೆ ಬೇರೆ "ಹೂಈಸ್ ನೋಡಿ" ಸೈಟ್‌ಗಳು ಹಳೆಯ ಪ್ರತಿಯನ್ನೇ ದಿನಗಟ್ಟಲೆ ತೋರಿಸುವುದುಂಟು. ನೀವು ಸರಿಮಾಡಿದ್ದರೂ ಅಲ್ಲಿ ಸರಿಯಾಗಿರುವುದಿಲ್ಲ, ಅದನ್ನು ನೋಡಿ ತಲೆಕೆಡಿಸಿಕೊಂಡವರು ಬಹಳ.

ಹೂಈಸ್ ಹಳೆಯ ವ್ಯವಸ್ಥೆ, ಪೋರ್ಟ್ 43ರಲ್ಲಿ ಸಾದಾ ಪಠ್ಯವಾಗಿ ಉತ್ತರ ಕೊಡುತ್ತದೆ. ಅದರ ಜಾಗಕ್ಕೆ ಬಂದದ್ದು ಆರ್‌ಡಿಎಪಿ. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಸಾಮಾನ್ಯ ಕೊನೆಗಳಿಗೆ ಹೂಈಸ್ ಕಡ್ಡಾಯವಲ್ಲ, ಆರ್‌ಡಿಎಪಿ ಕಡ್ಡಾಯ. ಎರಡೂ ಇನ್ನೂ ಓಡುತ್ತಿರುವ ಕಡೆ ಎರಡನ್ನೂ ನೋಡಿ, ಒಂದರಲ್ಲಿ ಮುಚ್ಚಿ ಇನ್ನೊಂದರಲ್ಲಿ ತೆರೆದಿಟ್ಟಿರಬಹುದು. ಡಾಟ್ ಕಾಮ್‌ನಲ್ಲಿ ಇನ್ನೊಂದು ತಿರುವಿದೆ. ಅದರ ರಿಜಿಸ್ಟ್ರಿಯಾದ ವೆರಿಸೈನ್ ಕೊಡುವ ಉತ್ತರದಲ್ಲಿ ದಿನಾಂಕ, ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆ ಇರುವ ಸರ್ವರ್), ರಿಜಿಸ್ಟ್ರಾರ್ ಹೆಸರಿನಂಥ ವಿವರ ಮಾತ್ರ ಇರುತ್ತದೆ. ವ್ಯಕ್ತಿಯ ವಿವರ ಇರುವುದು ರಿಜಿಸ್ಟ್ರಾರ್ ಕೊಡುವ ಉತ್ತರದಲ್ಲಿ. ಮೊದಲ ಉತ್ತರ ನೋಡಿ "ಏನೂ ಕಾಣುತ್ತಿಲ್ಲ" ಎಂದು ನಿಟ್ಟುಸಿರು ಬಿಡದೆ ಎರಡನೇ ಉತ್ತರದವರೆಗೆ ಹೋಗಿ.

ಡೊಮೈನ್ ಕನ್ನಡದಲ್ಲೇ, ಡಾಟ್ ಭಾರತ ಕೊನೆಯಲ್ಲಿ ಇದ್ದರೆ ಕೆಲವು ಲುಕಪ್ ಪುಟಗಳು ಕನ್ನಡ ಅಕ್ಷರ ಒಪ್ಪುವುದಿಲ್ಲ. ಎಕ್ಸ್ ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ, ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪ ಹಾಕಿ ಕೇಳಬೇಕು. ಆ ರೂಪ ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲೇ ಸಿಗುತ್ತದೆ.

ಮೊದಲು ನೋಡಬೇಕಾದದ್ದು ಆರ್ಗನೈಸೇಶನ್ ಕಾಲಮ್

ಪ್ರೈವಸಿ ಸರಿಯಾಗಿದ್ದೂ ಹೆಸರು ಹೊರಬಿದ್ದಿದ್ದರೆ ಮೊದಲು ಬೆರಳಿಡಬೇಕಾದ ಜಾಗ ಇದು. ಡಾಟ್ ಇನ್ ಡೊಮೈನ್ ಒಂದರ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ರಿಜಿಸ್ಟ್ರಂಟ್ ನೇಮ್ (ಡೊಮೈನ್ ಒಡೆಯರ ಹೆಸರು) ಎದುರು ರಿಡ್ಯಾಕ್ಟೆಡ್ ಫಾರ್ ಪ್ರೈವಸಿ, ಅಂದರೆ ಗೌಪ್ಯತೆಗಾಗಿ ಮುಚ್ಚಿದೆ. ಬೀದಿ, ಊರು, ಪಿನ್ ಕೋಡ್, ಫೋನ್ ಎದುರೂ ಅದೇ. ಇಮೇಲ್ ಎದುರು ರಿಜಿಸ್ಟ್ರಾರ್‌ರನ್ನು ಸಂಪರ್ಕಿಸಿ ಎಂಬ ಸಾಲು. ಆದರೆ ಆರ್ಗನೈಸೇಶನ್, ರಾಜ್ಯ, ದೇಶ ಮೂರೂ ತೆರೆದೇ ಇರುತ್ತವೆ.

ಈಗ ಫಾರಂ ತುಂಬಿದ ಕ್ಷಣವನ್ನು ನೆನಪಿಸಿಕೊಳ್ಳಿ. ಕಂಪನಿ ಇಲ್ಲ, ಆದರೂ ಆ ಕಾಲಮ್ ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ಅಲ್ಲಿ ತಮ್ಮದೇ ಪೂರ್ತಿ ಹೆಸರು ಬರೆಯುವವರಿದ್ದಾರೆ, ಅಪ್ಪನ ಹೆಸರು ಸೇರಿಸಿ "4ನೇ ಕ್ರಾಸ್, ಹಾಲಿನ ಬೂತ್ ಹತ್ತಿರ" ಎನ್ನುವವರೆಗೆ ಬರೆದವರಿದ್ದಾರೆ, ಅಂಗಡಿ ಹೆಸರಿನ ಪಕ್ಕ ಮೊಬೈಲ್ ನಂಬರ್ ಹಾಕಿದವರೂ ಇದ್ದಾರೆ. ಮುಚ್ಚುವ ನಿಯಮ ಕಾಲಮ್ ನೋಡಿ ಮುಚ್ಚುತ್ತದೆಯೇ ಹೊರತು ಒಳಗೆ ಏನಿದೆ ಎಂದು ಓದುವುದಿಲ್ಲ. ಸಂಸ್ಥೆಯ ಹೆಸರು ವೈಯಕ್ತಿಕ ಮಾಹಿತಿಯಲ್ಲ ಎಂಬ ಲೆಕ್ಕದಲ್ಲಿ ಅದು ಹೊರಗೆ ಕಾಣುತ್ತದೆ.

ಪರಿಹಾರ ಸುಲಭ. ನೋಂದಾಯಿತ ಸಂಸ್ಥೆ ಇಲ್ಲದಿದ್ದರೆ ಆ ಕಾಲಮ್ ಖಾಲಿ ಬಿಡಿ. ಫಾರಂ ಖಾಲಿ ಒಪ್ಪದಿದ್ದರೆ ಅಂಗಡಿಯ ಅಥವಾ ಸೈಟಿನ ಹೆಸರಷ್ಟೇ ಹಾಕಿ. ಆದರೆ ಬದಲಾಯಿಸುವ ಮೊದಲು ಎರಡು ಮಾತು. ಒಂದು, ಆರ್ಗನೈಸೇಶನ್ ತುಂಬಿದ್ದರೆ ಡೊಮೈನ್‌ನ ಒಡೆತನ ಆ ಸಂಸ್ಥೆಯದು ಎಂದೇ ಓದಿಕೊಳ್ಳುವುದು ವಾಡಿಕೆ. ಆದ್ದರಿಂದ ಡಿಸೈನರ್‌ನ ಕಂಪನಿ ಹೆಸರು ಅಲ್ಲಿ ಕುಳಿತಿದ್ದರೆ ಅದು ಗೌಪ್ಯತೆಗಿಂತ ದೊಡ್ಡ ಸಮಸ್ಯೆ, ಇವತ್ತೇ ಸರಿಮಾಡಿಸಿ. ಎರಡು, ಡಾಟ್ ಕಾಮ್‌ನಂಥ ಕೊನೆಗಳಲ್ಲಿ ಹೆಸರು, ಸಂಸ್ಥೆ, ಇಮೇಲ್ ಮೂರರಲ್ಲಿ ಯಾವುದನ್ನು ಬದಲಿಸಿದರೂ ಒಡೆಯರು ಬದಲಾದಂತೆ ಲೆಕ್ಕ ಹಿಡಿದು 60 ದಿನ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾವಣೆ ತಡೆಯುವುದುಂಟು. ವರ್ಗಾಯಿಸುವ ಯೋಚನೆ ಇದ್ದರೆ ಉಳಿಸುವ ಮೊದಲು ಲಾಕ್ ಬೇಡ ಎಂಬ ಆಯ್ಕೆ ಇದೆಯೇ ನೋಡಿ.

ಕೊನೆ ಯಾವುದು ಎಂಬುದರ ಮೇಲೆ ನಿಯಮ

"ಡಾಟ್ ಇನ್ ಕೊಂಡೆ, ಪ್ರೈವಸಿ ಬಟನ್ನೇ ಇಲ್ಲ" ಎಂಬುದು ದೋಷವಲ್ಲ. ಬೇರೆಯವರ ಹೆಸರಿನ ಮರೆಯಲ್ಲಿ ನೋಂದಾಯಿಸುವ ಪ್ರಾಕ್ಸಿ ಸೇವೆಗೆ ಡಾಟ್ ಇನ್‌ನಲ್ಲಿ ಅವಕಾಶವಿಲ್ಲ. ಬದಲಿಗೆ ರಿಜಿಸ್ಟ್ರಿಯೇ ವಿವರವನ್ನು ಮರೆಮಾಡುತ್ತದೆ. ಯಾರಾದರೂ ಡಾಟ್ ಇನ್‌ಗೆ ಪ್ರೈವಸಿ ಎಂದು ಹೇಳಿ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ. ಗುರುತಿನ ದಾಖಲೆ ಕೇಳುವುದು ಬೇರೆ ವಿಷಯ, ಅದು ಒಳಗಿನ ಪರಿಶೀಲನೆಗೆ, ಹೂಈಸ್‌ನಲ್ಲಿ ಕಾಣಲು ಅಲ್ಲ.

ಡಾಟ್ ಕಾಮ್‌ನಲ್ಲಿ ಗೊಂದಲ ಹೆಚ್ಚು. 2018ರ ಮೇ 25ರಂದು ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಗೆ ಬಂದಾಗ ಐಕ್ಯಾನ್ ವಿವರ ಮುಚ್ಚುವ ತಾತ್ಕಾಲಿಕ ನಿಯಮ ತಂದಿತು. ಅದು ಕಡ್ಡಾಯವಾಗಿದ್ದು ಆ ಕಾನೂನು ಅನ್ವಯಿಸುವ ಗ್ರಾಹಕರಿಗೆ. ಭಾರತದ ಗ್ರಾಹಕರ ವಿಷಯವನ್ನು ರಿಜಿಸ್ಟ್ರಾರ್ ಇಷ್ಟಕ್ಕೆ ಬಿಟ್ಟಿತ್ತು. ಹಾಗಾಗಿ ಕೆಲವರು ಎಲ್ಲರಿಗೂ ಉಚಿತವಾಗಿ ಮುಚ್ಚಿದರು, ಕೆಲವರು ಹಣ ಕೊಟ್ಟವರಿಗೆ ಮಾತ್ರ ಮುಚ್ಚಿದರು. "ಗೆಳೆಯನದು ಮುಚ್ಚಿದೆ, ನನ್ನದು ತೆರೆದಿದೆ" ಎಂಬ ಪ್ರಶ್ನೆಗೆ ಬಹುಪಾಲು ಇದೇ ಉತ್ತರ. ಅದರ ಜಾಗಕ್ಕೆ ಬಂದ ಹೊಸ ನೋಂದಣಿ ಮಾಹಿತಿ ನೀತಿ 2025ರ ಆಗಸ್ಟ್ 21ರಿಂದ ಜಾರಿಯಲ್ಲಿದೆ. ಆದರೆ ನಿಮ್ಮ ಡೊಮೈನ್‌ನ ಸ್ಥಿತಿ ತಿಳಿಯಲು ನೀತಿ ಓದುವುದಕ್ಕಿಂತ ಲುಕಪ್ ಮಾಡುವುದೇ ಸರಿಯಾದ ದಾರಿ.

ಉತ್ತರದಲ್ಲಿ "ಡೊಮೈನ್ಸ್ ಬೈ ಪ್ರಾಕ್ಸಿ", "ವಿತ್‌ಹೆಲ್ಡ್ ಫಾರ್ ಪ್ರೈವಸಿ" ಎಂಥ ಹೆಸರು ಕಂಡು "ನನ್ನ ಡೊಮೈನ್ ಯಾರೋ ಕದ್ದರು" ಎಂದು ಹೆದರಬೇಡಿ. ಅವು ಪ್ರೈವಸಿ ಸೇವೆಗಳ ಹೆಸರು. ಮರೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಎಚ್ಚರಿಕೆ. ಡಾಟ್ ಯುಎಸ್ ಕೊನೆಯಲ್ಲಿ 2005ರಿಂದಲೇ ಪ್ರಾಕ್ಸಿ ನೋಂದಣಿ ನಿಷಿದ್ಧ. ಕೊಳ್ಳುವ ವರ್ಷದ ಕಾರ್ಯದರ್ಶಿಯ ಮನೆ ವಿಳಾಸ ಹಾಕಿ ಕೊಂಡರೆ ಸಮಿತಿ ಬದಲಾದರೂ ಆ ವಿಳಾಸ ಹಾಗೇ ನಿಂತಿರುತ್ತದೆ. ಡಾಟ್ ಆರ್ಗ್ ಕೊಂಡು ಕೂಟದ ಅಂಚೆ ಪೆಟ್ಟಿಗೆಯ ವಿಳಾಸ ಹಾಕುವುದು ಮೇಲು.

ಮುಚ್ಚಿದ್ದು ಮತ್ತೆ ತೆರೆದುಕೊಂಡಿದ್ದರೆ

ಮೊದಲ ವರ್ಷ ಸರಿ ಇದ್ದು ಎರಡನೇ ವರ್ಷ ಕರೆ ಶುರುವಾದರೆ ನವೀಕರಣದ ಬಿಲ್ ತೆಗೆದು ನೋಡಿ. ಹಣ ಕೊಟ್ಟು ಕೊಳ್ಳುವ ಪ್ರೈವಸಿಗೆ ಕೆಲವು ಕಡೆ ಬೇರೆಯದೇ ಅವಧಿ. ಡೊಮೈನ್ ತಾನಾಗಿ ನವೀಕರಣವಾಗುತ್ತದೆ, ಪ್ರೈವಸಿ ಆಗುವುದಿಲ್ಲ. ವರ್ಗಾವಣೆಯಲ್ಲೂ ಇದೇ ಕಥೆ: ಹಳೆಯ ರಿಜಿಸ್ಟ್ರಾರ್ ಬಳಿ ಇದ್ದ ಪ್ರೈವಸಿ ಹೊಸಬರ ಬಳಿ ತಾನಾಗಿ ಬರುವುದಿಲ್ಲ. ವರ್ಗಾವಣೆ ಮುಗಿದ ದಿನವೇ ಲುಕಪ್ ಮಾಡಿ.

ಇನ್ನೊಂದು ಸಾಮಾನ್ಯ ತಪ್ಪು: ಖಾತೆಯ ಪ್ರೊಫೈಲ್‌ನಲ್ಲಿ ನಂಬರ್ ಬದಲಿಸಿ ಕೆಲಸ ಮುಗಿಯಿತು ಎಂದುಕೊಳ್ಳುವುದು. ಪ್ರೊಫೈಲ್ ಬಿಲ್ ಕಳಿಸಲು. ಪ್ರತಿ ಡೊಮೈನ್‌ಗೂ ಅದರದೇ ಸಂಪರ್ಕ ವಿವರ ಬೇರೆ ಇದೆ. ಅದರಲ್ಲೂ ರಿಜಿಸ್ಟ್ರಂಟ್, ಅಡ್ಮಿನ್, ಟೆಕ್ನಿಕಲ್, ಬಿಲ್ಲಿಂಗ್ ಎಂದು ನಾಲ್ಕು ತುಂಡುಗಳಿರಬಹುದು. ರಿಜಿಸ್ಟ್ರಂಟ್ ಒಂದನ್ನು ಬದಲಿಸಿ ಟೆಕ್ನಿಕಲ್‌ನಲ್ಲಿ ಹಳೆಯ ನಂಬರ್ ಬಿಟ್ಟವರ ನಂಬರ್ ಅಲ್ಲಿಂದಲೇ ಹೋಗುತ್ತದೆ. ನಾಲ್ಕನ್ನೂ ತೆರೆದು ನೋಡಿ.

ಡೊಮೈನ್ ಕೊಡಿಸಿದ್ದು ಊರಿನ ವೆಬ್ ಡಿಸೈನರ್ ಆಗಿದ್ದರೆ ಅದು ಅವರ ರೀಸೆಲ್ಲರ್ (ಮರುಮಾರಾಟದ) ಖಾತೆಯಲ್ಲಿರಬಹುದು, ಪ್ಯಾನೆಲ್ ನಿಮ್ಮ ಕೈಯಲ್ಲೇ ಇರುವುದಿಲ್ಲ. "ಅಣ್ಣ, ಪ್ರೈವಸಿ ಹಾಕಿಬಿಡಿ" ಎಂದಷ್ಟೇ ಹೇಳಿ ಬಿಡಬೇಡಿ. ಡೊಮೈನ್ ಮಟ್ಟದ ಲಾಗಿನ್ ಕೇಳಿ ಪಡೆದು, ರಿಜಿಸ್ಟ್ರಂಟ್ ಇಮೇಲ್ ನಿಮ್ಮದೇ ಇದೆಯೇ ಎಂದು ನಿಮ್ಮ ಕಣ್ಣಿನಿಂದ ನೋಡಿ.

ಸುಳ್ಳು ವಿವರ ಕೊಡುವ ದಾರಿ ಬೇಡ

ಹತ್ತು ಸೊನ್ನೆ ಇರುವ ಫೋನ್ ನಂಬರ್, ಇಲ್ಲದ ಬೀದಿ ಹಾಕಿ ತಪ್ಪಿಸಿಕೊಳ್ಳುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಯಾರು ಹೇಳಿದರೂ ಕೇಳಬೇಡಿ. ಸುಳ್ಳು ಸಂಪರ್ಕ ವಿವರ ಡೊಮೈನ್ ಅಮಾನತಿಗೆ, ರದ್ದಿಗೆ ಕಾರಣವಾಗುತ್ತದೆ. ಡಾಟ್ ಕಾಮ್‌ನಂಥ ಕೊನೆಗಳಲ್ಲಿ ಹೊಸ ನೋಂದಣಿ ಆದಾಗ ಅಥವಾ ವಿವರ ಬದಲಾದಾಗ ಬರುವ ದೃಢೀಕರಣ ಇಮೇಲ್‌ಗೆ 15 ದಿನದೊಳಗೆ ಉತ್ತರ ಹೋಗದಿದ್ದರೆ ಸೈಟ್ ನಿಂತೇ ಹೋಗಬಹುದು. ಖಾತೆ ಕಳೆದುಕೊಂಡ ದಿನ ನಿಮ್ಮದೇ ಡೊಮೈನ್ ಎಂದು ಸಾಬೀತು ಮಾಡಲು ಉಳಿಯುವ ಆಧಾರವೂ ಅದೇ ವಿವರ.

ಕೊಡುವುದು ನಿಜವಾಗಿರಲಿ, ಆದರೆ ಮನೆಯದಾಗಿರಬೇಕಿಲ್ಲ. ಕಚೇರಿ ವಿಳಾಸ, ಅಥವಾ ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಪಡೆದ ಪೆಟ್ಟಿಗೆ. ಬ್ಯಾಂಕಿಗೆ, ಆಧಾರ್‌ಗೆ ಜೋಡಿಸದ ಎರಡನೇ ಸಿಮ್, ರೀಚಾರ್ಜ್ ತಪ್ಪದಂತೆ. ಇದಕ್ಕೆಂದೇ ತೆರೆದ ಪ್ರತ್ಯೇಕ ಇಮೇಲ್. ಆ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು ಎಂಬುದನ್ನು ಒತ್ತಿ ಹೇಳಬೇಕು. ಡೊಮೈನ್ ಅವಧಿ ಮುಗಿದರೆ ಇಮೇಲೂ ಸಾಯುತ್ತದೆ, ಬಿಡಿಸಿಕೊಳ್ಳಲು ಬೇಕಾದ ಪತ್ರ ಬರುವುದೂ ಅಲ್ಲಿಗೇ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ.

ಡಿಎನ್‌ಎಸ್‌ನಲ್ಲಿ ಅಡಗಿರುವ ಇಮೇಲ್

ನೋಂದಣಿ ಉತ್ತರ ಪೂರ್ತಿ ಶುದ್ಧವಾಗಿದ್ದೂ ಇಮೇಲ್‌ಗೆ ಕಸ ಬರುತ್ತಿದ್ದರೆ ಇಲ್ಲಿ ಹುಡುಕಿ. ಕಂಪ್ಯೂಟರಿನ ಡಿಗ್ ಅಥವಾ ಎನ್‌ಎಸ್‌ಲುಕಪ್ ಎಂಬ ಆಜ್ಞೆ ಬಳಸಿ, ಇಲ್ಲವೇ ಯಾವುದಾದರೂ ಡಿಎನ್‌ಎಸ್ ನೋಡುವ ಪುಟದಲ್ಲಿ, ಡೊಮೈನ್‌ನ ಡಿಎನ್‌ಎಸ್ ಯಾರ ಉಸ್ತುವಾರಿ ಎಂದು ಹೇಳುವ ಎಸ್‌ಒಎ ದಾಖಲೆ ಕೇಳಿ. ಉತ್ತರದಲ್ಲಿ ಮೊದಲು ಮುಖ್ಯ ನೇಮ್‌ಸರ್ವರ್, ಅದರ ನಂತರ ಇನ್ನೊಂದು ಹೆಸರು ಇರುತ್ತದೆ. ನೋಡಲು ಡೊಮೈನ್‌ನಂತೆಯೇ ಇರುವ ಆ ಎರಡನೇ ಹೆಸರು ನಿಜಕ್ಕೂ ಇಮೇಲ್ ವಿಳಾಸ. ಮೊದಲ ಚುಕ್ಕೆಯನ್ನು ಅಟ್ ಚಿಹ್ನೆ ಎಂದು ಓದಬೇಕು. "ಮಂಜು ಚುಕ್ಕೆ ಜಿಮೇಲ್ ಚುಕ್ಕೆ ಕಾಮ್" ಎಂದಿದ್ದರೆ ಅದು ಮಂಜು ಎಂಬವರ ಜಿಮೇಲ್. ಕೆಲವು ಹೋಸ್ಟಿಂಗ್ ಪ್ಯಾನೆಲ್‌ಗಳು ಖಾತೆ ತೆರೆಯುವಾಗ ಕೊಟ್ಟ ಸಂಪರ್ಕ ಇಮೇಲನ್ನೇ ಇಲ್ಲಿ ತಾವಾಗಿ ತುಂಬುತ್ತವೆ. ಪ್ಯಾನೆಲ್‌ನಲ್ಲಿ ಬದಲಿಸಲು ಆಗದಿದ್ದರೆ ಹೋಸ್ಟಿಂಗ್‌ನವರಿಗೆ ಹೇಳಿ "ಹೋಸ್ಟ್‌ಮಾಸ್ಟರ್" ಎಂದು ಹಾಕಿಸಿ, ಆ ಹೆಸರಿನ ಪೆಟ್ಟಿಗೆಯನ್ನೂ ತೆರೆದಿಡಿ.

ಎರಡನೆಯದು ಡಿಮಾರ್ಕ್, ನಿಮ್ಮ ಹೆಸರಿನಲ್ಲಿ ನಕಲಿ ಮೇಲ್ ಹೋಗದಂತೆ ತಡೆಯಲು ಹಾಕುವ ದಾಖಲೆ. ಡೊಮೈನ್ ಹೆಸರಿನ ಮೊದಲಿಗೆ ಅಡಿಗೆರೆ, ಡಿಮಾರ್ಕ್, ಚುಕ್ಕೆ ಸೇರಿಸಿ ಟಿಎಕ್ಸ್‌ಟಿ (ಪಠ್ಯ) ದಾಖಲೆ ಕೇಳಿದರೆ ಕಾಣುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಹೆಚ್ಚು ಮೇಲ್ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ ಮಾಡಿದ ಮೇಲೆ ಸಣ್ಣ ಸೈಟಿನವರೂ ಎಲ್ಲಿಂದಲೋ ನಕಲು ಮಾಡಿ ಅದನ್ನು ಹಾಕಿಕೊಂಡಿದ್ದಾರೆ. ಅದರಲ್ಲಿ ವರದಿ ಬರಬೇಕಾದ ವಿಳಾಸದ ಜಾಗಕ್ಕೆ ಸ್ವಂತ ಜಿಮೇಲ್ ಸೇರಿರುತ್ತದೆ. ಇದು ಇಡೀ ಜಗತ್ತಿಗೆ ತೆರೆದಿರುವ ದಾಖಲೆ. ಮೇಲಾಗಿ, ನಿಯಮದ ಪ್ರಕಾರ ಬೇರೆ ಡೊಮೈನ್‌ನ ವಿಳಾಸಕ್ಕೆ ವರದಿ ಹೋಗಬೇಕಾದರೆ ಆ ಡೊಮೈನ್ ತನ್ನ ಡಿಎನ್‌ಎಸ್‌ನಲ್ಲಿ ಒಪ್ಪಿಗೆ ಇಟ್ಟಿರಬೇಕು. ಅದಿಲ್ಲದಾಗ ನಿಯಮ ಪಾಲಿಸುವವರು ವರದಿಯನ್ನೇ ಕಳಿಸುವುದಿಲ್ಲ. ನಿಮ್ಮದೇ ಡೊಮೈನ್‌ನಲ್ಲಿ "ಡಿಮಾರ್ಕ್" ಹೆಸರಿನ ಒಂದು ಅಲಿಯಾಸ್ (ನಿಮ್ಮ ಪೆಟ್ಟಿಗೆಗೇ ಬರುವ ಇನ್ನೊಂದು ವಿಳಾಸ) ತೆರೆದು ಅದನ್ನು ಹಾಕಿ.

ಮೂರನೆಯದು ಸೈಟಿನ ಸಂಪರ್ಕ ಸುರಕ್ಷಿತ ಎಂದು ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರ. ಪ್ರಮಾಣಪತ್ರ ಪಡೆದ ಪ್ರತಿ ಉಪಡೊಮೈನ್‌ನ ಹೆಸರು ಸಾರ್ವಜನಿಕ ಲಾಗ್‌ನಲ್ಲಿ ದಾಖಲಾಗುತ್ತದೆ, ಅಳಿಸಲು ಬರುವುದಿಲ್ಲ. ಮಗಳ ಹೆಸರಿನಲ್ಲೋ ಮನೆಯ ಕ್ಯಾಮೆರಾ ಹೆಸರಿನಲ್ಲೋ ಉಪಡೊಮೈನ್ ಮಾಡಬೇಡಿ. ಅನಿವಾರ್ಯವಾದರೆ ಎಲ್ಲ ಉಪಡೊಮೈನ್‌ಗೂ ಒಂದೇ ಆಗುವ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಪಡೆಯಿರಿ, ಲಾಗ್‌ನಲ್ಲಿ ನಕ್ಷತ್ರ ಚಿಹ್ನೆ ಮಾತ್ರ ಬೀಳುತ್ತದೆ.

ಸೈಟೇ ಹೇಳಿಬಿಡುವ ಗುಟ್ಟು

ವರ್ಡ್‌ಪ್ರೆಸ್ ಆದರೆ ಸೈಟಿನ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಆಥರ್, ಸಮ ಚಿಹ್ನೆ, 1 ಸೇರಿಸಿ ಎಂಟರ್ ಒತ್ತಿ. ಲೇಖಕರ ಪುಟಕ್ಕೆ ಹೋಗಿ ಬ್ರೌಸರ್‌ನ ಮೇಲಿನ ವಿಳಾಸದ ಸಾಲಿನಲ್ಲಿ ಬಳಕೆದಾರರ ಹೆಸರು ಮೂಡಬಹುದು. ಖಾತೆ ಮಾಡುವಾಗ ಬಳಕೆದಾರರ ಹೆಸರಿಗೆ ಇಮೇಲನ್ನೇ ಕೊಟ್ಟಿದ್ದರೆ ವರ್ಡ್‌ಪ್ರೆಸ್ ಅದರ ಅಟ್ ಚಿಹ್ನೆ ತೆಗೆದು, ಚುಕ್ಕೆಯನ್ನು ಅಡ್ಡಗೆರೆ ಮಾಡಿ ತೋರಿಸುತ್ತದೆ. "ಮಂಜುಜಿಮೇಲ್-ಕಾಮ್" ಎಂದು ಕಂಡರೆ ಯಾರಿಗೆ ಅರ್ಥವಾಗುವುದಿಲ್ಲ? ಬೇರೆ ಬಳಕೆದಾರರ ಹೆಸರಿನಲ್ಲಿ ಹೊಸ ಅಡ್ಮಿನ್ ಮಾಡಿ, ಬರಹಗಳನ್ನು ಅದಕ್ಕೆ ವರ್ಗಾಯಿಸಿ, ಹಳೆಯದನ್ನು ಅಳಿಸಿ.

ಹಣ ಪಡೆಯಲು ಹಾಕಿದ ಯುಪಿಐ ಕ್ಯುಆರ್ ಕೋಡ್ ನೋಡಿ. ಯುಪಿಐ ಐಡಿ ಮೊಬೈಲ್ ನಂಬರಿನಿಂದಲೇ ಆಗಿದ್ದರೆ ಕ್ಯುಆರ್ ಸ್ಕ್ಯಾನ್ ಮಾಡಿದವರೆಲ್ಲರಿಗೂ ಆ ನಂಬರ್ ಸಿಗುತ್ತದೆ, ಜೊತೆಗೆ ಬ್ಯಾಂಕಿನಲ್ಲಿರುವ ಹೆಸರೂ. ಯುಪಿಐ ಆ್ಯಪ್‌ನಲ್ಲಿ ನಂಬರ್ ಇಲ್ಲದ ಬೇರೆ ಐಡಿ ಮಾಡಿ ಹೊಸ ಕ್ಯುಆರ್ ಹಾಕಿ. ಇಂಥದ್ದನ್ನು ಸರಿಮಾಡುವುದು ನಿಮ್ಮ ಕೈಯಲ್ಲೇ ಇದೆ, ಕಾನೂನಿನ ನೆರವು ಕಾಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ.

ಎಲ್ಲ ನೋಡಿದರೂ ತೂತು ಸಿಗದಿದ್ದರೆ

ಬಣ್ಣ ಹಾಕಿದ ನೀರು ಬಿಟ್ಟು ಸೋರಿಕೆ ಹುಡುಕುವಂತೆ, ಪ್ರತಿ ಜಾಗಕ್ಕೂ ಬೇರೆ ಅಲಿಯಾಸ್ ಕೊಡಿ: ನೋಂದಣಿಗೆ ಒಂದು, ಹೋಸ್ಟಿಂಗ್‌ಗೆ ಒಂದು, ಡಿಮಾರ್ಕ್‌ಗೆ ಒಂದು, ಸಂಪರ್ಕ ಪುಟಕ್ಕೆ ಒಂದು. ಜಿಮೇಲ್‌ನಲ್ಲಿ ಹೆಸರಿನ ನಂತರ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಮತ್ತು ಒಂದು ಪದ ಸೇರಿಸಿದರೂ ಸಾಕು. ಆದರೆ ಪ್ಲಸ್‌ನಿಂದಾಚೆಯದನ್ನು ಕತ್ತರಿಸಿ ಬಳಸುವ ಸ್ಪ್ಯಾಮರ್‌ಗಳಿದ್ದಾರೆ, ಪ್ರತ್ಯೇಕ ಅಲಿಯಾಸ್ ಇನ್ನೂ ಖಚಿತ. ಕಸ ಯಾವ ಅಲಿಯಾಸ್‌ಗೆ ಬಂತೋ ತೂತು ಅಲ್ಲೇ.

ಪ್ರೈವಸಿ ಹಾಕಿದ ಮೇಲೆ ಬೇಕಾದ ಪತ್ರಗಳೇ ಬರುತ್ತಿಲ್ಲ ಎಂಬ ದೂರೂ ಉಂಟು. ಲುಕಪ್‌ನಲ್ಲಿ ನಿಮ್ಮದರ ಬದಲು ಪ್ರೈವಸಿ ಸೇವೆಯ ಮರೆಯ ಇಮೇಲ್ ವಿಳಾಸ ಕಂಡರೆ ಬೇರೊಂದು ಖಾತೆಯಿಂದ ಅದಕ್ಕೆ ಪತ್ರ ಕಳಿಸಿ, ಇಮೇಲ್ ಬದಲು ವೆಬ್ ಫಾರಂ ಇದ್ದರೆ ಅದನ್ನು ತುಂಬಿ ನೋಡಿ. ಒಂದು ಗಂಟೆಯಲ್ಲಿ ಬರದಿದ್ದರೆ ಸ್ಪ್ಯಾಮ್ ಪೆಟ್ಟಿಗೆ ತೆರೆಯಿರಿ, ಅಲ್ಲೂ ಇಲ್ಲದಿದ್ದರೆ ಪ್ಯಾನೆಲ್‌ನಲ್ಲಿ ಮುಂದಕ್ಕೆ ಕಳಿಸುವ ಆಯ್ಕೆ ಆಫ್ ಆಗಿದೆಯೇ ನೋಡಿ.

ಒಮ್ಮೆ ಹೊರಬಿದ್ದ ವಿವರವನ್ನು ವಾಪಸ್ ತರಲು ಆಗುವುದಿಲ್ಲ. ಹಳೆಯ ಹೂಈಸ್ ಪ್ರತಿಗಳನ್ನು ಕೂಡಿಟ್ಟು ಮಾರುವ ಕಂಪನಿಗಳಿವೆ. ಆಗ ಉಳಿದಿರುವುದು ವಿವರವನ್ನೇ ಬದಲಿಸುವುದು, ಅದಕ್ಕೊಂದು ಕ್ರಮ ಇದೆ. ಮೊದಲು ಪ್ರೈವಸಿ ಆನ್ ಮಾಡಿ ಲುಕಪ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹೊಸ ಇಮೇಲ್ ಮತ್ತು ಹೊಸ ನಂಬರ್ ಹಾಕಿ, ದೃಢೀಕರಣ ಪತ್ರದ ಲಿಂಕ್ ಒತ್ತಿ. ಕ್ರಮ ತಿರುಗಿಸಿದರೆ ಹೊಸ ನಂಬರೂ ಮೊದಲ ದಿನವೇ ಪಟ್ಟಿ ಸೇರುತ್ತದೆ. ಹಳೆಯ ನಂಬರ್ ಬ್ಯಾಂಕಿಗೆ ಜೋಡಿಸಿದ್ದರಿಂದ ಬಿಡಲಾಗದಿದ್ದರೆ 1909ಕ್ಕೆ ಡಿಎನ್‌ಡಿ (ಮಾರಾಟದ ಕರೆ ಬೇಡ ಎಂಬ ಆಯ್ಕೆ) ನೋಂದಾಯಿಸಿ, ಬಂದ ಪ್ರತಿ ಕರೆಯ ನಂಬರ್, ದಿನಾಂಕ, ಸಮಯ ಬರೆದಿಟ್ಟು ಅಲ್ಲೇ ದೂರು ಕೊಡಿ.